ಹೌದು ಎಂದು ಬರೆದ ಸಿಸ್ಟರಕ್ಕ

ಅವರನ್ನು ಊರೆಲ್ಲ ಕರೆಯುತ್ತಿದ್ದುದು ಸಿಸ್ಟರಕ್ಕ ಎಂದೇ. ಎರಡು ಕೋಣೆಯ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಅವರು ದಾದಿ, ನಾನು ಔಷಧಿ ಕೊಡುವವನು. ಕೂಸು ತೂಗುವ ತಕ್ಕಡಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ನನಗೂ ಬೈಗುಳ ತಪ್ಪುತ್ತಿರಲಿಲ್ಲ.

ಪ್ರತಿ ಸಮೀಕ್ಷೆಯಲ್ಲೂ ನಮ್ಮದು ಕಟ್ಟಕಡೆಯ ಜಿಲ್ಲೆ. ತರಬೇತಿಗೆಂದು ಪಕ್ಕದ ಜಿಲ್ಲೆಗೆ ಹೋದಾಗ ಅಲ್ಲಿನ ದಾದಿಯರು, "ಬಂದ್ರಪ್ಪಾ ಕೊನೇ ಬೆಂಚಿನವರು" ಎಂದು ನಗುತ್ತಿದ್ದರು. ನಾನಾದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವನು. ಸಿಸ್ಟರಕ್ಕನಿಗೆ ಮಾತ್ರ ಆ ದಿನ ಅನ್ನ ಸೇರುತ್ತಿರಲಿಲ್ಲ.

ಆ ವರ್ಷ ಸಮೀಕ್ಷೆಗೆಂದು ಮನೆಮನೆಯ ಫಾರಂ ತುಂಬುವಾಗ ಅವರು ಎಲ್ಲದಕ್ಕೂ ಹೌದು ಎಂದು ಬರೆದರು. ನೀರಿದೆಯೇ? ಹೌದು. ಹೆರಿಗೆಗೆ ಡಾಕ್ಟರು ಸಿಗುತ್ತಾರೆಯೇ? ಹೌದು.

"ನಲ್ಲೀಲಿ ನೀರು ಬಂದು ತಿಂಗಳಾಯ್ತಲ್ಲಕ್ಕಾ?" ಎಂದೆ.

"ನಲ್ಲಿ ಇದೆ ತಾನೇ? ನೀನು ನಿನ್ನ ಮಾತ್ರೆ ಎಣಿಸ್ಕೋ."

ಜಿಲ್ಲೆಯ ದಾದಿಯರೆಲ್ಲ ಮಾತಾಡಿಕೊಂಡವರಂತೆ ಹಾಗೇ ಬರೆದಿದ್ದರೆಂದು ಆಮೇಲೆ ಗೊತ್ತಾಯಿತು. ಪಟ್ಟಿಯಲ್ಲಿ ನಾವು ಆರು ಸ್ಥಾನ ಮೇಲೇರಿದೆವು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಸಿಸ್ಟರಕ್ಕನ ಕಾಲು ನೆಲದ ಮೇಲಿರಲಿಲ್ಲ. ನಾಲ್ಕೇ ತಿಂಗಳಿಗೆ ಆದೇಶ ಬಂತು. ಹಿಂದುಳಿದ ಜಿಲ್ಲೆಯೆಂದು ನಮ್ಮ ದೊಡ್ಡಾಸ್ಪತ್ರೆಗೆ ಕೊಟ್ಟಿದ್ದ ಹೆರಿಗೆ ಡಾಕ್ಟರು, ರಕ್ತನಿಧಿ, ಆಂಬುಲೆನ್ಸು ಮೂರೂ ವಾಪಸ್. ಮುಂದೆ ಬಂದವರಿಗೆ ಕೊಟ್ಟ ಬಹುಮಾನ ಅದು.

ಅದೇ ವರ್ಷ ಅವರ ಒಬ್ಬಳೇ ಮಗಳು ಹೆರಿಗೆಗೆ ಬಂದಳು. ಕೂಸು ಸಲೀಸಾಗಿ ಹುಟ್ಟಿತು, ರಕ್ತ ನಿಲ್ಲಲಿಲ್ಲ. ಮಟಮಟ ಮಧ್ಯಾಹ್ನ ಯಾರದೋ ಜೀಪು ಹಿಡಿದು ಪಕ್ಕದ ಜಿಲ್ಲೆಯ ಆಸ್ಪತ್ರೆಗೆ ಹೊರಟೆವು, ತೊಂಬತ್ತು ಕಿಲೋಮೀಟರು. ನಮ್ಮ ಗುಂಡಿಬಿದ್ದ ರಸ್ತೆಯುದ್ದಕ್ಕೂ ಅವರು ಮಗಳ ಹೊಟ್ಟೆ ಒತ್ತಿ ಹಿಡಿದೇ ಕೂತಿದ್ದರು. "ನಾನೇ ಹೌದು ಅಂತ ಬರೆದ್ನಲ್ಲೋ" ಎಂದು ನನ್ನನ್ನು ನೋಡಿದರು. ನಾನು ಮುಖ ತಿರುಗಿಸಿದೆ.

ಗಡಿ ದಾಟಿದ್ದೇ ತಡ, ರಸ್ತೆ ನುಣುಪಾಯಿತು.

"ಅಮ್ಮಾ, ಈಗ ಕುಲುಕ್ತಿಲ್ಲ" ಎಂದಳು ಮಗಳು. ಅಲ್ಲಿಂದ ಹನ್ನೊಂದು ಕಿಲೋಮೀಟರಿಗೆ ಅವಳ ಉಸಿರು ನಿಂತಿತು.

ವರ್ಷಾಂತ್ಯದ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸಾಹೇಬರು ಪಟ್ಟಿ ಓದಿದರು. ಹೆರಿಗೆಯಲ್ಲಿ ತಾಯಂದಿರ ಸಾವು, ನಮ್ಮ ಕೇಂದ್ರದಲ್ಲಿ ಸೊನ್ನೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಿಸ್ಟರಕ್ಕ ಎದ್ದು ನಿಂತರು.

"ಸಾರ್, ನನ್ನ ಮಗಳು ಬಿಟ್ಟುಹೋಗಿದ್ದಾಳೆ. ಅವಳನ್ನ ಸೇರಿಸಿ."

ಸಾಹೇಬರು ಕೆಟ್ಟವರಲ್ಲ, ದನಿ ತಗ್ಗಿಸಿದರು. "ಪ್ರಾಣ ಹೋಗಿದ್ದು ಗಡಿ ಆಚೆ ಅಲ್ವೇನಮ್ಮಾ, ಅವರ ಲೆಕ್ಕಕ್ಕೇ ಸೇರುತ್ತೆ. ಕೂತ್ಕೊಳ್ಳಿ."

"ಅವಳು ನಮ್ಮವಳು ಸಾರ್. ನಮ್ಮಲ್ಲೇ ಬರ್ಕೊಳ್ಳಿ" ಎನ್ನುತ್ತಲೇ ಇದ್ದರು ಸಿಸ್ಟರಕ್ಕ. ಸಾಹೇಬರು ಮುಂದಿನ ಪುಟ ತಿರುವಿದರು.