ನಿಂಬೆಹಣ್ಣಿನ ಸೂಚ್ಯಂಕ

ನನಗೊಂದು ಚಟವಿದೆ; ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಬೆಳಗಿನ ವಾಕಿಂಗ್ ಮುಗಿಸಿ, ಜಯನಗರದ ನಮ್ಮ ಬೀದಿಯ ಕೊನೆಯಲ್ಲಿರುವ ಗಣೇಶನ ಗುಡಿ ಮುಂದೆ ನಿಂತು, ರಸ್ತೆಯಲ್ಲಿ ಚಪ್ಪಟೆಯಾಗಿ ಬಿದ್ದ ನಿಂಬೆಹಣ್ಣುಗಳನ್ನು ಎಣಿಸುತ್ತೇನೆ. ನೋಡಿದವರು ನನಗೆ ಮಾಟಮಂತ್ರದ ಭಯವಿರಬೇಕು ಎಂದುಕೊಳ್ಳುತ್ತಾರೆ. ನಾನು ಎಣಿಸುತ್ತಿರುವುದು ದೇಶದ ಆರ್ಥಿಕ ಪರಿಸ್ಥಿತಿಯನ್ನು.

ಬ್ಯಾಂಕಿನಿಂದ ನಿವೃತ್ತನಾದರೂ ಪತ್ರಿಕೆಯ ವಾಣಿಜ್ಯ ಪುಟ ನನ್ನನ್ನು ಬಿಟ್ಟಿಲ್ಲ. ತಿಂಗಳಿಗೊಮ್ಮೆ ಅಲ್ಲಿ ವಾಹನ ಮಾರಾಟದ ಲೆಕ್ಕ ಬರುತ್ತದೆ. ಅದರಲ್ಲಿ ಎರಡು ಬಗೆ. ಕಾರ್ಖಾನೆಯಿಂದ ಡೀಲರ್ ಷೋರೂಮಿಗೆ ಹೋದದ್ದು ಒಂದು, ಷೋರೂಮಿನಿಂದ ಗಿರಾಕಿಯ ಮನೆಗೆ ಹೋದದ್ದು ಇನ್ನೊಂದು. ಮೊದಲನೆಯದು ಹೆಣ್ಣು ನೋಡುವ ಶಾಸ್ತ್ರ, ಎರಡನೆಯದು ಮದುವೆ. ಉಪ್ಪಿಟ್ಟು ಕೇಸರಿಬಾತು ತಿಂದು ಹೋದವರೆಲ್ಲ ತಾಳಿ ಕಟ್ಟುವುದಿಲ್ಲ. ಜನರಿಗೆ ನಾಳೆಯ ಮೇಲೆ ಧೈರ್ಯವಿದೆಯೇ ಎಂದು ತಿಳಿಯಬೇಕಾದರೆ ಎರಡನೆಯ ಲೆಕ್ಕವನ್ನೇ ನೋಡಬೇಕು. ನಿಂಬೆಹಣ್ಣು ಹೇಳುವುದೂ ಅದನ್ನೇ. ಷೋರೂಮಿನಲ್ಲಿ ಧೂಳು ತಿನ್ನುತ್ತ ನಿಂತ ಗಾಡಿಯ ಚಕ್ರದಡಿ ಯಾರೂ ನಿಂಬೆಹಣ್ಣು ಇಡುವುದಿಲ್ಲ. ಸ್ಕೂಟರಿಗೆ ಎರಡು, ಕಾರಿಗೆ ನಾಲ್ಕು. ಪತ್ರಿಕೆಗಿಂತ ನಾನೇ ಮುಂದೆ ಎಂಬ ಹಮ್ಮು ನನಗೆ.

ಎಡವಿದ್ದೂ ಉಂಟು. ಆಯುಧಪೂಜೆಯ ಮಾರನೆಯ ಬೆಳಿಗ್ಗೆ ರಸ್ತೆ ತುಂಬ ನಿಂಬೆಹಣ್ಣು! ದೇಶ ಉದ್ಧಾರವಾಯಿತೆಂದು ಮನೆಗೆ ಬಂದು ಸಾರಿದೆ.

"ರೀ, ನಿನ್ನೆ ನಿಮ್ಮ ಡಕೋಟ ಸ್ಕೂಟರಿಗೂ ಎರಡು ಇಟ್ರಲ್ಲ, ಅದನ್ನೂ ಎಣಿಸಿದ್ರಾ?" ಎಂದಳು ನನ್ನಾಕೆ.

ಗುಡಿ ಮುಂದೆ ಹೂವು, ನಿಂಬೆಹಣ್ಣು ಮಾರುವವಳು ಕೆಂಪಮ್ಮ. ಗೊಟ್ಟಿಗೆರೆಯಿಂದ ಬಸ್ಸಿನಲ್ಲಿ ಬುಟ್ಟಿ ಹೊತ್ತು ಬರುತ್ತಾಳೆ. ಈ ಸಲ ಆಷಾಢ ಬಂತು, ರಸ್ತೆ ಬರಿದಾಯಿತು. ನಾನು ನಿಂಬೆಹಣ್ಣಿನ ಲೆಕ್ಕ ಬರೆದಿಡುವ ಪುಸ್ತಕ ತೆರೆದು, "ನಾಲ್ಕು ದಿನದಿಂದ ಒಂದು ಸ್ಕೂಟರೂ ಬಂದಿಲ್ಲ ಕೆಂಪಮ್ಮ, ಸ್ವಾರಸ್ಯವಾಗಿದೆ ಅಲ್ವಾ?" ಎಂದೆ.

ಅವಳು ನಗಲಿಲ್ಲ. "ನಿಮಗೆ ಸ್ವಾರಸ್ಯ ಸಾರ್. ನಮ್ಮ ಮಗಳು ರೂಪ ಸ್ಕೂಟರ್ ಷೋರೂಮಿಗೆ ಸೇರಿ ಮೂರು ತಿಂಗ್ಳಾಯ್ತು. ಈ ತಿಂಗ್ಳು ಇನ್ನೊಂದು ಗಾಡಿ ಹೋಗ್ಲಿಲ್ಲ ಅಂದ್ರೆ ಕೆಲಸಕ್ಕೆ ಬರೋದು ಬೇಡ ಅಂದವ್ರೆ. ಎಲ್ಲಾರೂ ನಿಮ್ಮಂಗೆ ಎಣಿಸ್ತಾ ನಿಂತ್ಕಂಡ್ರೆ ಕೊಳ್ಳೋರು ಯಾರು?"

ನಾನು ಪುಸ್ತಕ ಮಡಚಿದೆ. ಒಳ್ಳೆಯ ಕಾಲ ಬರಲಿ ಎಂದು ಡಕೋಟದಲ್ಲೇ ಇಪ್ಪತ್ತು ವರ್ಷ ತಳ್ಳಿದವನು ನಾನು. ಅಂದೇ ಹೋಗಿ ರೂಪಾಳ ಹತ್ತಿರ ಸ್ಕೂಟರ್ ಬುಕ್ ಮಾಡಿ, ಶ್ರಾವಣದಲ್ಲಿ ಒಯ್ಯುತ್ತೇನೆ ಎಂದೆ. ಅವಳು ಸಂಕೋಚದಿಂದಲೇ ಹೇಳಿದಳು: "ಬುಕಿಂಗ್ ಲೆಕ್ಕಕ್ಕೆ ಬರಲ್ಲ ಅಂಕಲ್. ರಿಜಿಸ್ಟರ್ ಆಗಿ ಗಾಡಿ ಆಚೆ ಹೋದ್ರೇನೇ ಬರೋದು."

ಊರಿಗೆಲ್ಲ ನಾನು ಹೇಳುತ್ತಿದ್ದ ಪಾಠ! ಆದರೆ ಮನೆಯಲ್ಲಿ ಬೇರೆಯೇ ಶಾಸನ. "ಆಷಾಢದಲ್ಲಿ ಹೊಸ ಗಾಡಿ ನಮ್ಮ ಗೇಟು ದಾಟಕೂಡದು" ಎಂದಳು ನನ್ನಾಕೆ. ಅತ್ತ ದರಿ, ಇತ್ತ ಪುಲಿ. ದಾರಿ ತೋರಿಸಿದವಳು ಕೆಂಪಮ್ಮ.

"ನಮ್ಮನೇಲಿ ನಿಲ್ಸಿ ಸಾರ್. ನಮ್ಮ ಬಾಗ್ಲಿಗೆ ಗಾಡಿ ಬಂದ ದಿನಾನೇ ನಮಗೆ ಶ್ರಾವಣ."

ಹೀಗೆ ನನ್ನ ಹೆಸರಿಗೆ ರಿಜಿಸ್ಟರ್ ಆದ ಸ್ಕೂಟರು ಆಷಾಢವನ್ನು ಗೊಟ್ಟಿಗೆರೆಯಲ್ಲಿ, ಕೆಂಪಮ್ಮನ ಹಳೆಯ ಸೀರೆ ಹೊದ್ದು ಕಳೆಯಿತು. ಶ್ರಾವಣದ ಮೊದಲ ಶುಕ್ರವಾರ ರೂಪ ಅದನ್ನು ಓಡಿಸಿಕೊಂಡು ಗುಡಿಗೆ ಬಂದಳು. ಹಿಂದೆ ಬುಟ್ಟಿ ತಬ್ಬಿಕೊಂಡು ಕೂತಿದ್ದ ಕೆಂಪಮ್ಮನ ಗತ್ತು ನೋಡಬೇಕಿತ್ತು! ಅವಳೇ ಹಣ್ಣು ಆರಿಸಿ ಚಕ್ರದಡಿ ಇಟ್ಟಳು. ಕಾಸು ಕೊಡಹೋದರೆ ಕೈ ತಳ್ಳಿದಳು.

ಆಮೇಲೆ ಪತ್ರಿಕೆಯಲ್ಲಿ ನಾನು ಗಾಡಿ ಕೊಂಡ ತಿಂಗಳ ಲೆಕ್ಕ ಬಂತು. ಮಾರಾಟ ಏರಿದ್ದೇಕೆ, ಇಳಿದದ್ದೇಕೆ ಎಂಬುದಕ್ಕೆ ತಿಳಿದವರು ಮಳೆ, ಬಡ್ಡಿ ಎಂದೆಲ್ಲ ಕಾರಣ ಕೊಟ್ಟಿದ್ದರು. ನಿಂಬೆಹಣ್ಣು ಮಾರುವವಳೊಬ್ಬಳು ಗದರಿದಳು ಎಂದು ಯಾರೂ ಬರೆದಿರಲಿಲ್ಲ. ನನ್ನ ಪುಸ್ತಕವೂ ಸಾಚಾ ಅಲ್ಲ. ಆಷಾಢದಲ್ಲಿ ಮಾರಾಟವಾದ ಗಾಡಿಯ ಎರಡು ನಿಂಬೆಹಣ್ಣು ಶ್ರಾವಣದ ಪುಟದಲ್ಲಿವೆ. ರೂಪ ಈಗಲೂ ಕೆಲಸಕ್ಕೆ ಹೋಗುತ್ತಿದ್ದಾಳೆ. ಪುಸ್ತಕದ ಆ ತಪ್ಪನ್ನು ನಾನು ತಿದ್ದಿಲ್ಲ.