ಕ್ರೋಮ್ ಹಚ್ಚಿದ ಕೊಂಡಿ

ನಿನ್ನೆ ಕುರ್ಲಾ ಸ್ಟೇಷನ್ನಿನಿಂದ ಹೊರಬಂದು ವರ್ಕ್‌ಶಾಪುಗಳ ಗಲ್ಲಿಯಲ್ಲಿ ನಡೆಯುವಾಗ ಆಸಿಡ್ಡಿನ ಘಾಟು ಮೂಗಿಗೆ ಬಡಿಯಿತು. ನಿಮಗೆ ಅದು ಬರೀ ದುರ್ವಾಸನೆ. ನನಗೆ ಅಣ್ಣನ ಅಂಗಿಯ ವಾಸನೆ. ಇಂಥದೇ ಒಂದು ಗಲ್ಲಿಯಲ್ಲಿ ಅವನು ಬಹಳ ವರ್ಷ ಉಕ್ಕಿನ ಬಿಡಿಭಾಗಗಳಿಗೆ ಕ್ರೋಮ್ ಲೇಪಿಸುತ್ತಿದ್ದ. ನಾನೋ, ಅಂಧೇರಿಯ ಆಫೀಸಿನಲ್ಲಿ ಕೂತು ಸವೆಸಿದ್ದು ಕುರ್ಚಿಯೊಂದನ್ನೇ.

ಅಣ್ಣನ ಘಾಟ್ಕೋಪರಿನ ಮನೆಯಲ್ಲಿ ಅತ್ತಿಗೆಗೆ ಇದ್ದದ್ದು ಒಂದೇ ಷೋಕಿ, ತೂಗುಮಣೆ. ಧಾರವಾಡದಿಂದ ಬಂದವಳಿಗೆ ಆ ಎರಡು ಕೋಣೆಗಳಲ್ಲಿ ಕಾಲು ಚಾಚಲು ಅದೊಂದೇ ಜಾಗ. ಸೊಪ್ಪು ಸೋಸುವುದು, ತವರಿಗೆ ಫೋನು, ಮದುವೆಯಾಗದ ನನ್ನ ಬದುಕಿನ ವಿಮರ್ಶೆ, ಎಲ್ಲವೂ ಅಲ್ಲಿಂದಲೇ. ಸರಪಳಿ ಸಿಕ್ಕಿಸಿದ ಉಕ್ಕಿನ ಕೊಂಡಿಗಳು ಸವೆದು ಕಿರುಗುಟ್ಟುತ್ತಿದ್ದವು. ಅಣ್ಣ ಹೊಸ ಕೊಂಡಿ ತಂದು, ತಾನೇ ಗಟ್ಟಿ ಕ್ರೋಮ್ ಲೇಪಿಸಿ ಹಾಕಿದ.

"ಇನ್ನ ನೀ ಮುದುಕಿ ಆದ್ರೂ ಇವು ಸವಿಯೂದಿಲ್ಲ," ಅಂದ.

"ನಾ ಸವದ್ರ ನನಗೂ ಒಂದ್ ಕೋಟ್ ಹಚ್ರಿ," ಅಂದಳು ಅತ್ತಿಗೆ.

ಕಿರುಗುಟ್ಟುವ ಸದ್ದು ನಿಂತಿತು. ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ, ನಾನು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದಾಗ, ಒಂದು ಕೊಂಡಿ ಫಟ್ಟನೆ ತುಂಡಾಯಿತು. ಅತ್ತಿಗೆ ಹಿಂದಕ್ಕೆ, ಹೊಸ್ತಿಲ ಕಲ್ಲಿನ ಮೇಲೆ ಬಿದ್ದಳು. ಬೆನ್ನುಹುರಿಗೆ ಪೆಟ್ಟು. ಸೊಂಟದ ಕೆಳಗೆ ಸ್ವಾಧೀನವೇ ಉಳಿಯಲಿಲ್ಲ.

ವರ್ಕ್‌ಶಾಪಿನ ಇಂಜಿನಿಯರ್ ಆ ತುಂಡನ್ನು ನೋಡಿ ವಿವರಿಸಿದ್ದನ್ನು ಅಣ್ಣ ನನಗೆ ಹೇಳಿದ. ಕ್ರೋಮಿನ ತೆಳು ಪದರ ತಿಕ್ಕಾಟದ ಸವೆತವನ್ನು ತಡೆಯುತ್ತದೆ, ನಿಜ. ಆದರೆ ಆ ಪದರದೊಳಗೇ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಪ್ರತಿ ತೂಗಾಟಕ್ಕೂ ಅಂಥದೊಂದು ಬಿರುಕು ಕೆಳಗಿನ ಉಕ್ಕಿಗೆ ಇಷ್ಟಿಷ್ಟೇ ಇಳಿದಿದೆ. ಉಕ್ಕು ದಣಿದು ಮುರಿದಿದೆ. ಲೇಪವಿಲ್ಲದ ಕೊಂಡಿಯಾಗಿದ್ದರೆ ಸವೆಯುತ್ತಲೇ ಇನ್ನೂ ಬಹಳ ಕಾಲ ತಾಳುತ್ತಿತ್ತೇನೋ.

"ಸವಿಬಾರದು ಅಂತ ಮಾಡಿದ್ನೋ," ಎಂದು ಅಣ್ಣ ತುಂಡನ್ನು ನನ್ನ ಅಂಗೈಯಲ್ಲಿಟ್ಟ. "ನೋಡು, ಒಂದ್ ಚೂರೂ ಸವದಿಲ್ಲ."

ಸವೆದಿರಲಿಲ್ಲ. ಮುಖ ಕಾಣುವಷ್ಟು ಹೊಳೆಯುತ್ತಿತ್ತು.

ನಿನ್ನೆ ಕುರ್ಲಾದಿಂದ ನೇರ ಅವರ ಮನೆಗೇ ಹೋದೆ. ಡಾಕ್ಟರು ಎಂದೋ ಕೈಚೆಲ್ಲಿದ್ದಾರೆ. ಆದರೂ ಅಣ್ಣ ಅತ್ತಿಗೆಗೆಂದು ಸ್ಟೀಲಿನ ಹೊಸ ವಾಕರ್ ತಂದಿದ್ದ. ನೆಲದ ಮೇಲೆ ಕೂತು ಅದರ ಹೊಳಪನ್ನೆಲ್ಲ ಅರದಿಂದ ಕೆರೆಯುತ್ತಿದ್ದ.

"ಒಳಗ ಬಿರುಕು ಅದಾವೇನು ನೋಡ್ತೀನಿ," ಅಂದ, ತಲೆಯೆತ್ತದೆ.

ಅತ್ತಿಗೆ ಹಾಸಿಗೆಯಿಂದ ಮೆಲ್ಲಗೆ ನನ್ನನ್ನು ಕರೆದಳು. "ನೀನರ ಹೇಳಪಾ ಅವ್ರಿಗೆ. ನಾ ಇನ್ನ ನಡಿಯೂದಿಲ್ಲಂತ."

ಹೇಳಬೇಕೆಂದೇ ಹೋಗಿ ಅವನ ಪಕ್ಕದಲ್ಲಿ ಕೂತೆ. ಅವನು ಉಜ್ಜುವ ರಭಸಕ್ಕೆ ವಾಕರ್ ಅಲುಗುತ್ತಿತ್ತು. ಅದರ ಇನ್ನೊಂದು ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.