ವಖಾರಿಯಲ್ಲಿ ಒಣಗಿದ ದೋಣಿ

ದೋಣಿಗೆ ಕೊಟ್ಟದ್ದು ನೂರ ಅರವತ್ತು ರೂಪಾಯಿ. ಮಾರುವವನು ಮೊದಲು ಕೇಳಿದ್ದು ಇನ್ನೂರ ಇಪ್ಪತ್ತು. ಹುಟ್ಟು, ಲಂಗರು, ಹಗ್ಗ, ಬಿಸಿಲಿಗೆ ತಾಡಪಾಲು, ಕೂರಲಿಕ್ಕೆ ಹತ್ತಿಯ ದಿಂಬು ಎಂದು ಮೇಲೆ ಇನ್ನೊಂದು ಎಪ್ಪತ್ತು ಚಿಲ್ಲರೆ ಹೋಯಿತು. ಅರವತ್ತರ ದಶಕದ ಆರಂಭದಲ್ಲಿ ಅಷ್ಟು ದುಡ್ಡಿಗೆ ಹೊನ್ನಾವರದಲ್ಲಿ ಚೆನ್ನಾಗಿ ಕರೆಯುವ ಎಮ್ಮೆ ಸಿಗುತ್ತಿತ್ತು. ಎಮ್ಮೆ ಹಾಲು ಕೊಡುತ್ತದೆ, ದೋಣಿ ಏನು ಕೊಡುತ್ತದೆ ಎಂದು ಪೇಟೆಯಲ್ಲಿ ಕೇಳದವರಿಲ್ಲ. ಮಾರಿದವನಿಗೂ ಅದೇ ಅನುಮಾನ. ಹೊಳೆಯಲ್ಲೇ ಹುಟ್ಟಿ ಹೊಳೆಯಲ್ಲೇ ಹಣ್ಣಾದ ಮುದುಕ ಅವನು.

"ವಡೆಯಾ, ಮೀನು ಹಿಡೂದಿಲ್ಲ, ಮರಳು ತುಂಬೂದಿಲ್ಲ. ಹಂಗಾರೆ ದೋಣಿ ಎಂತಕೆ?"

ಮನೆಮಂದಿ ಕೂತು ತಿರುಗಾಡಲಿಕ್ಕೆ ಎಂದೆ.

"ಕೂರೂಕೆ ಮನೀಲಿ ಜಗಲಿ ಇಲ್ವಾ?" ಎಂದು ಅವನು ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡೇ ನಕ್ಕ.

ನಕ್ಕರೂ ಒಂದು ಮಾತು ಹೇಳಿದ. ನೂರ ಎಂಬತ್ತು ಕೊಟ್ಟರೆ ವರ್ಷದಲ್ಲಿ ಎರಡು ಸಲ ತಾನೇ ಬಂದು ದೋಣಿಯ ಹಲಗೆಗಳನ್ನು ಕಟ್ಟಿದ ಹಗ್ಗದ ಹೊಲಿಗೆ ನೋಡಿ, ಎಣ್ಣೆ ಹಚ್ಚಿ, ಯಾವಾಗ ದಡಕ್ಕೆ ಎಳೆಯಬೇಕು ಯಾವಾಗ ನೀರಿಗೆ ಇಳಿಸಬೇಕು ಎಂದು ಹೇಳಿಕೊಡುತ್ತೇನೆ ಎಂದ. ಆ ಇಪ್ಪತ್ತು ರೂಪಾಯಿಯನ್ನು ನಾನು ಕಡಿದೆ. ನೋಡಿಕೊಳ್ಳುವುದು ನನಗೆ ಬರುವುದಿಲ್ಲವೇ? ಹನ್ನೆರಡನೆಯ ವಯಸ್ಸಿಗೆ ಇನ್ನೊಬ್ಬರ ಅಂಗಡಿಯಲ್ಲಿ ತೆಂಗಿನಕಾಯಿ ಎಣಿಸಲು ನಿಂತವನು, ಮೂವತ್ತಕ್ಕೆ ನನ್ನದೇ ವಖಾರಿ ಕಟ್ಟಿಸಿದ್ದೆ. ಸತುವಿನ ತಗಡಿನ ಮಾಡು, ಸಿಮೆಂಟಿನ ನೆಲ. ಅದರೊಳಗಿಟ್ಟ ಅಡಿಕೆ, ಕೊಬ್ಬರಿ ಎಂದೂ ಹಾಳಾದದ್ದಿಲ್ಲ. ಸಾಮಾನನ್ನು ಕಾಪಾಡುವುದೇ ನನ್ನ ಅನ್ನ.

ಇಷ್ಟಕ್ಕೂ ದೋಣಿ ಬೇಕೆಂದವಳು ನನ್ನ ಹೆಂಡತಿ. ಆ ವರ್ಷ ಘಟ್ಟದ ಮೇಲಿನ ವಿದ್ಯುತ್ ಯೋಜನೆಯ ಕೆಲಸಕ್ಕೆ ಬಂದ ಇಂಜಿನಿಯರರೊಬ್ಬರು ಭಾನುವಾರ ಹೆಂಡತಿ ಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು, ಕೆಲಸವಿಲ್ಲದೆ ಹೊಳೆಯ ಮೇಲೆ ತಿರುಗುತ್ತಿದ್ದರು. ಹೊಳೆ ದಾಟಿಸುವ ತಾರಿಯ ದಂಡೆಯಲ್ಲಿ ನಿಂತವರಿಗೆ ಅದೇ ಒಂದು ನಾಟಕ. ಇವಳು ಅದನ್ನು ಕಂಡು ಬಂದ ಸಂಜೆ ಕೇಳಿದಳು: "ನಾವೂ ಒಂದು ದೋಣಿ ತಗಂಬನ. ಸಣ್ಣದಾದ್ರೂ ಅಡ್ಡಿಲ್ಲೆ."

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅವಳ ತವರು ಶರಾವತಿಯ ದಂಡೆಯಲ್ಲೇ, ಹೊಳೆಯಲ್ಲಿ ಮೇಲಕ್ಕೆ ಎರಡು ತಾಸಿನ ದಾರಿ. ಹುಡುಗಿಯಾಗಿದ್ದಾಗ ಹುಟ್ಟು ಹಾಕಿಕೊಂಡು ಆಚೆ ದಡದ ಗದ್ದೆಗೆ ಹೋಗಿಬರುತ್ತಿದ್ದವಳು. ನಮ್ಮದು ಪೇಟೆಯ ನಡುವಿನ ಮನೆ. ಕಿಟಕಿ ತೆರೆದರೆ ಎದುರಿನವರ ಗೋಡೆ. ಆದರೆ ಅವಳು ದೋಣಿ ಕೇಳಿದ್ದು ತನಗಾಗಿ ಅಲ್ಲ ಎಂಬುದು ಆಮೇಲೆ ತಿಳಿಯಿತು.

ಅವಳ ತಾಯಿಗೆ ಕಣ್ಣು ಹೋಗುತ್ತಿತ್ತು. ಕುಮಟೆಯ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಇದು ಪೊರೆಯಲ್ಲ, ತೆಗೆದು ಸರಿಮಾಡುವಂಥದ್ದಲ್ಲ. ಬದಿಯಿಂದ ಕತ್ತಲೆ ಬರುತ್ತಿದೆ, ನಡುವೆ ಉಳಿದಿರುವ ಬೆಳಕು ಹೆಚ್ಚೆಂದರೆ ಒಂದು ವರ್ಷ ಎಂದರು. ಬಸ್ಸಿನಲ್ಲಿ ತಿರುಗಿ ಬರುವಾಗ ಅತ್ತೆ ಅಳಲಿಲ್ಲ. ಮಗಳ ಹತ್ತಿರ ಒಂದು ಆಸೆ ಹೇಳಿಕೊಂಡರಂತೆ. ಮದುವೆಯಾಗಿ ಬಂದಂದಿನಿಂದ ಮನೆಯೆದುರು ಹರಿಯುವ ಹೊಳೆಯನ್ನು ನೋಡುತ್ತಲೇ ಮುದುಕಿಯಾದರು. ಆದರೆ ಅದು ಸಮುದ್ರ ಸೇರುವ ಅಳಿವೆಯನ್ನು ಒಂದು ದಿನವೂ ಕಂಡವರಲ್ಲ. ಪೇಟೆಗೆ ಬಂದದ್ದೇ ಎರಡು ಮೂರು ಸಲ, ಅದೂ ಮದುವೆ ಮುಂಜಿಗೆ. ಹೆಂಗಸರು ಅಳಿವೆ ನೋಡಲು ಹೋಗುವುದೆಂದರೆ ಯಾರಾದರೂ ನಗುವ ಮಾತು. "ದಿನಾ ಕಂಡ ಹೊಳೆ ಕಡೀಗೆ ಎಲ್ಲಿಗೆ ಹೋಗ್ತು ಹೇಳಿ ಒಂದ್ಸಲ ನೋಡವು" ಎಂದಿದ್ದರಂತೆ.

ದೋಣಿಯ ಸಲಕರಣೆಗೆ ನಾನು ಪಟ್ಟ ಪಾಡು ನೆನೆದರೆ ಈಗ ನಾಚಿಕೆಯಾಗುತ್ತದೆ, ಆಗ ಹೆಮ್ಮೆಯಿತ್ತು. ತಾರಿ ದಾಟಿ, ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆ. ಅಲ್ಲಿ ಒಬ್ಬ ಸಾಹೇಬರು ಮುಂಬಯಿಯಿಂದ ಹಳೆಯ ಹಡಗಿನ ಸಾಮಾನು ತರಿಸಿ ಮಾರುತ್ತಿದ್ದರು. ಅವರ ಅಂಗಡಿಯಲ್ಲಿ ಮಧ್ಯಾಹ್ನದ ನಮಾಜಿಗೆ ಮೊದಲು ಶುರುವಾದ ಚೌಕಾಶಿ, ಅವರು ನಮಾಜು ಮುಗಿಸಿ ಬಂದ ಮೇಲೂ ನಡೆಯಿತು. ಕೊನೆಗೆ ಅವರೇ ಸೋತು, "ತಗೊಂಡು ಹೋಗಿ ಮಾರಾಯ್ರೇ, ನನಗೆ ಊಟಕ್ಕೆ ಹೋಗಬೇಕು" ಎಂದು ಲಂಗರು, ತಾಡಪಾಲು ಎರಡನ್ನೂ ನನ್ನ ರೇಟಿಗೇ ಬಿಟ್ಟರು. ಮೇಲೆ ನೀರು ಮೊಗೆಯುವ ತಗಡಿನ ಡಬ್ಬವೊಂದನ್ನು ಪುಕ್ಕಟೆ ಕೇಳಿ ಇಸಿದುಕೊಂಡೆ. ದಿಂಬಿನ ಬಟ್ಟೆ ಕುಮಟೆಯಿಂದ. ಮೀನೆಣ್ಣೆ ಹಚ್ಚಿದ ದೋಣಿಗೆ ಕಾಲಿಡುವುದಿಲ್ಲವೆಂದು ನನ್ನ ತಾಯಿ ಹಟ ಹಿಡಿದದ್ದರಿಂದ ಹೊನ್ನೆಣ್ಣೆ ತಂದು ಹಚ್ಚಿಸಿದೆ. ಅತ್ತೆಯ ಕಾಲಿಗೆ ಒದ್ದೆ ತಾಗಬಾರದೆಂದು ದೋಣಿಯ ತಳದಿಂದ ಒಂದು ಗೇಣು ಮೇಲಕ್ಕೆ ಸೀಳಿದ ಅಡಿಕೆ ಮರದ ದಬ್ಬೆಯ ಹಾಸು ಮಾಡಿಸಿದೆ. ಅದರ ಮೇಲೆ ಚಾಪೆ, ಚಾಪೆಯ ಮೇಲೆ ದಿಂಬು. ಹೊಳೆಯವರು ನೋಡಿ, ಮದುವೆ ಚಪ್ಪರ ಎಲ್ಲಿಗೆ ಹೊರಟಿತು ಎಂದು ಕೇಳುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಮೂರು ನಾಲ್ಕು ಭಾನುವಾರ ತಿರುಗಾಡಿದೆವು. ಹೆಂಡತಿ ಹುಟ್ಟು ಹಿಡಿದರೆ ದೋಣಿ ಗೆರೆ ಎಳೆದ ಹಾಗೆ ಹೋಗುತ್ತಿತ್ತು. ನಾನು ಹಿಡಿದರೆ ಸುತ್ತು ಹಾಕುತ್ತಿತ್ತು, ಮಕ್ಕಳು ನಗುತ್ತಿದ್ದವು. ಅವಲಕ್ಕಿ ಕಟ್ಟಿಕೊಂಡು ಮರಳ ದಿಬ್ಬಕ್ಕೆ ಹೋಗಿ ತಿಂದು ಬರುವುದು. ನನ್ನ ಸಂಸಾರದಲ್ಲಿ ಅಂಥ ದಿನಗಳು ಬೇರೆ ಇಲ್ಲ. ಅತ್ತೆಯನ್ನು ಆಗಲೇ ಕರೆಸೋಣ ಎಂದಳು ಹೆಂಡತಿ. ಅಡಿಕೆ ಬರುವ ಹೊತ್ತು, ವ್ಯಾಪಾರದ ಕಾಲ. ಬೇಸಿಗೆಗೆ ಹೊಳೆ ಶಾಂತವಾಗಿರುತ್ತದೆ, ಮಕ್ಕಳಿಗೂ ರಜೆ, ಆಗಾಗಲಿ ಎಂದೆ. ಅವಳು ಆತು ಎಂದಳು.

ಶಿವರಾತ್ರಿಯ ಹೊತ್ತಿಗೆ ಯಾರೋ ನನ್ನ ಕಿವಿಯಲ್ಲಿ ಹುಳದ ಮಾತು ಹಾಕಿದರು. ಉಪ್ಪುನೀರಿನಲ್ಲಿ ಕಟ್ಟಿಹಾಕಿದ ದೋಣಿಯನ್ನು ಹುಳ ಒಳಗಿನಿಂದಲೇ ತಿಂದು ಜರಡಿ ಮಾಡುತ್ತದಂತೆ. ಹುಳ ಎಂದರೆ ಅಡಿಕೆ ವ್ಯಾಪಾರಿಯ ಎದೆ ನಡುಗುತ್ತದೆ. ಹುಳಕ್ಕೆ ನನಗೆ ಗೊತ್ತಿದ್ದ ಮದ್ದು ಒಂದೇ, ಒಣಗಿಸುವುದು. ಎಂಟು ಜನ ಹಮಾಲರನ್ನು ಕರೆದು ದೋಣಿಯನ್ನು ವಖಾರಿಗೆ ಹೊರಿಸಿದೆ. ಹೆಂಡತಿ ಬಾಗಿಲವರೆಗೆ ಬಂದಳು. "ನೀರಲ್ಲೇ ಇರ್ಲಿ. ಒಣಗಿದ್ರೆ ದೋಣಿ ಬಾಯಿ ಬಿಡ್ತು."

"ನೀರಲ್ಲಿಟ್ರೆ ಹುಳ ಹಿಡಿತು."

"ನಿಮ್ಮ ಅಡಕೆ ಬೇರೆ, ದೋಣಿ ಬೇರೆ" ಎಂದು ಒಳಗೆ ಹೋದಳು. ಮತ್ತೆ ವಾದ ಮಾಡಲಿಲ್ಲ. ಮಾಡಿದ್ದರೂ ನಾನು ಕೇಳುತ್ತಿದ್ದೆನೆಂದು ಹೇಳಲಾರೆ.

ಎರಡೂವರೆ ತಿಂಗಳು ದೋಣಿ ತಗಡಿನ ಮಾಡಿನ ಕೆಳಗೆ ಕೊಬ್ಬರಿಯ ಜೊತೆ ಬೆಂದಿತು. ವಾರಕ್ಕೊಮ್ಮೆ ನಾನು ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದೆ. ಟಣ್ ಎನ್ನುತ್ತಿತ್ತು. ಚೆನ್ನಾಗಿ ಒಣಗಿದ ಚಾಲಿ ಅಡಿಕೆ ಕೊಡುವ ಶಬ್ದ. ಸಂತೋಷವಾಗುತ್ತಿತ್ತು.

ಮೇ ತಿಂಗಳಲ್ಲಿ ಅತ್ತೆ ಬಂದರು. ಆ ಹೊತ್ತಿಗೆ ಅವರಿಗೆ ಎದುರಿನದು ಮಾತ್ರ, ಕೊಳವೆಯಲ್ಲಿ ನೋಡಿದ ಹಾಗೆ ಕಾಣುತ್ತಿತ್ತು. ಎರಡು ದಿನ ಮೊದಲೇ ದೋಣಿಯನ್ನು ನೀರಿಗೆ ಹಾಕಿಸಿ ಎಂದು ಹೆಂಡತಿ ಹೇಳಿದಳು. ಸಂತೆಯ ಹೊತ್ತು, ಹಮಾಲರಿಗೆ ಪುರುಸೊತ್ತಿಲ್ಲ. ಹೊಸದರ ಹಾಗೆ ಇಟ್ಟಿದ್ದೇನಲ್ಲ ಎಂದೆ. ಹೊರಡುವ ದಿನ ಬೆಳಿಗ್ಗೆಯೇ ಹೊರಿಸಿ ಇಳಿಸಿದೆವು. ಸಮುದ್ರದ ಇಳಿತ ಶುರುವಾಗಿತ್ತು, ನೀರು ಅಳಿವೆಯ ಕಡೆಗೇ ಎಳೆಯುತ್ತಿತ್ತು, ತಡಮಾಡುವಂತಿರಲಿಲ್ಲ. ಅತ್ತೆಯನ್ನು ಕೈಹಿಡಿದು ದಿಂಬಿನ ಮೇಲೆ ಕೂರಿಸಿ, ಮುಖವನ್ನು ಪಡುವಣಕ್ಕೆ ತಿರುಗಿಸಿದಳು ಮಗಳು. ಕಾಣಬೇಕಾದದ್ದು ಸೀದಾ ಎದುರಿಗೇ ಬರಬೇಕಲ್ಲ. ಮಕ್ಕಳನ್ನು ಎರಡನೆಯ ಸರದಿಗೆಂದು ದಂಡೆಯಲ್ಲಿ ಬಿಟ್ಟೆವು. ಅದೊಂದು ಪುಣ್ಯ.

ನೂರು ಮಾರು ಹೋಗಿರಬೇಕು. ದೋಣಿ ಯಾಕೋ ಭಾರ ಎಳೆಯುತ್ತಿದೆ ಎಂದು ಹೆಂಡತಿ ಹುಟ್ಟು ನಿಲ್ಲಿಸಿದಳು. ನನಗೇನೂ ಕಾಣಲಿಲ್ಲ, ಕಾಣದ ಹಾಗೆ ದಬ್ಬೆ, ಚಾಪೆ ಹಾಸಿದವನು ನಾನೇ. ಮೊದಲು ತಿಳಿದದ್ದು ಅತ್ತೆಗೆ.

"ಕೂಸೇ, ಕಾಲು ತಂಪಾಗ್ತಾ ಇದ್ದಲೇ."

ಚಾಪೆ ಎತ್ತಿದರೆ ಒಳಗೊಂದು ಹೊಳೆ. ಹಲಗೆ ಹಲಗೆಗಳ ನಡುವೆ ಉಗುರು ತೂರುವಷ್ಟು ಸಂದಿ, ಹೊಲಿದ ಕತ್ತದ ಹಗ್ಗ ಸಡಿಲಾಗಿ ಜೋಲುತ್ತಿತ್ತು. ಡಬ್ಬ ಹಿಡಿದು ಮೊಗೆದೆ. ಒಂದು ಡಬ್ಬ ಹೊರಗೆ ಚೆಲ್ಲುವಷ್ಟರಲ್ಲಿ ನಾಲ್ಕು ಡಬ್ಬ ಒಳಗೆ ಬರುತ್ತಿತ್ತು. ಹೆಂಡತಿ ದೋಣಿ ತಿರುಗಿಸಿ, ಇಳಿತದ ಎದುರು ಹುಟ್ಟು ಹಾಕಿದಳು. ಅತ್ತೆ ಸೊಂಟದವರೆಗೆ ನೀರಿನಲ್ಲಿ ಕೂತು ಎರಡೂ ಕೈಯಲ್ಲಿ ಅಂಚು ಹಿಡಿದಿದ್ದರು. ಎಂತ ಆತು ಎಂದು ಒಮ್ಮೆ ಕೇಳಿದರು. ತಾರಿಯವರು ತಮ್ಮ ದೋಣಿ ತಂದು ನಮ್ಮನ್ನು ಎತ್ತಿಕೊಂಡರು. ದಿಂಬುಗಳು ಮಾತ್ರ ಅಳಿವೆಗೆ ಹೋದವು.

ಸಂಜೆಗೆ ದೋಣಿ ಮಾರಿದ ಆ ಮುದುಕನನ್ನು ಹುಡುಕಿ ಕರೆತಂದೆ. ಅವನು ದೋಣಿಯ ಸುತ್ತ ಒಂದು ಸುತ್ತು ಬಂದ. ಈ ಸಲ ನಗಲಿಲ್ಲ. "ಅಡಕೆ ಒಣಸ್ದಂಗೆ ಒಣಸಿಟ್ರಲ್ರಾ, ವಡೆಯಾ. ಇದ್ಕೆ ನೀರೇ ಔಷಧ." ಹೊಲಿಗೆ ಬಿಚ್ಚಿ ಹೊಸದಾಗಿ ಹೊಲಿಯಬೇಕು, ಆಮೇಲೆ ಮುಳುಗಿಸಿಡಬೇಕು, ಎಂಟು ಹತ್ತು ದಿನ ಎಂದ.

ಮರುದಿನ ಅತ್ತೆಗೆ ಸ್ವಲ್ಪ ನೆಗಡಿ, ಬೇರೇನಿಲ್ಲ. ಹೆಂಡತಿ ನನ್ನ ಎದುರು ಬಂದು ನಿಂತಳು. "ಬಾಡಿಗೆ ದೋಣಿ ಆದ್ರೂ ಅಡ್ಡಿಲ್ಲೆ. ನಾಳೆಯೇ ಹೋಪನ."

ಅಳಿವೆಗೆ ಹೋಗಿ ಬರಲು ಬಾಡಿಗೆ ಎರಡು ರೂಪಾಯಿ. ಎರಡು ರೂಪಾಯಿಗೆ ನಾನು ಬಡವನಾಗಿರಲಿಲ್ಲ. ಆದರೆ ಇಡೀ ಪೇಟೆ ನೋಡಿದ ಮೇಲೆ, ಸ್ವಂತ ದೋಣಿ ಇದ್ದವನು ಬಾಡಿಗೆ ದೋಣಿ ಹತ್ತುವುದೇ? "ಎಂಟು ದಿನ ತಡಿ. ನಮ್ಮ ದೋಣಿಯಲ್ಲೇ ಕರ್ಕಂಡು ಹೋಪನ" ಎಂದೆ. ಜೀವಮಾನದಲ್ಲಿ ನಾನಾಡಿದ ಮಾತುಗಳಲ್ಲಿ ತಿರುಗಿ ನುಂಗಬೇಕೆನಿಸುವುದು ಅದೊಂದೇ.

ಎಂಟನೆಯ ದಿನಕ್ಕೆ ಹೊಲಿಗೆ ಮುಗಿದಿತ್ತು. ಆರನೆಯ ದಿನವೇ ಪಡುವಣದಲ್ಲಿ ಮೋಡ ಕಟ್ಟಿತು. ಆ ವರ್ಷ ಮಳೆ ಮೊದಲೇ ಹಿಡಿಯಿತು. ಅಳಿವೆಯ ತೆರೆಯ ಸದ್ದು ಪೇಟೆಯ ಮನೆಗೂ ಕೇಳುತ್ತಿತ್ತು. ಮೀನಿನವರೇ ತಮ್ಮ ದೋಣಿಗಳನ್ನು ದಡಕ್ಕೆ ಎಳೆದು ತೆಂಗಿನ ಮಡಲು ಹೊದಿಸಿದರು. ಅತ್ತೆಯ ಮಗ ಬಂದು ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ.

ಮಳೆ ನಿಂತು ಹೊಳೆ ತಿಳಿಯಾದಾಗ ನಮ್ಮ ದೋಣಿಯಷ್ಟು ಗಟ್ಟಿ ದೋಣಿ ಶರಾವತಿಯಲ್ಲಿ ಇನ್ನೊಂದು ಇರಲಿಲ್ಲ. ಒಂದು ಹನಿ ಒಳಗೆ ಬರುತ್ತಿರಲಿಲ್ಲ. ತಾರಿಯವನೊಬ್ಬನಿಂದ ಹುಟ್ಟು ಹಾಕಿಸಿಕೊಂಡು ಅದರಲ್ಲೇ ಹೋಗಿ ಅತ್ತೆಯ ಮನೆಯ ಮುಂದೆ ನಿಲ್ಲಿಸಿದೆ. ಅವರು ಜಗಲಿಯಲ್ಲಿ ಕೂತಿದ್ದರು. ದೀಪ ಹಿಡಿದರೂ ತಿಳಿಯುವುದಿಲ್ಲ ಎಂದು ಅವರ ಮಗ ಮೆಲ್ಲಗೆ ಹೇಳಿದ. ಆದರೂ ಬನ್ನಿ, ಗಾಳಿಯಾದರೂ ತಾಗಲಿ ಎಂದು ಕರೆದೆ.

"ಈಗ ಎಲ್ಲಾ ಕಡೆನೂ ಒಂದೇ. ಇಲ್ಲೇ ಕೂತ್ರಾತು" ಎಂದರು. ಕೋಪದಲ್ಲಿ ಹೇಳಿದ್ದಲ್ಲ. ಬಂದ ಅಳಿಯನಿಗೆ ಆಸರಿಗೆ ಬೆಲ್ಲ ನೀರು ತರಲು ಸೊಸೆಗೆ ಹೇಳಿದರು.

ಆಮೇಲೂ ಒಂಬತ್ತು ವರ್ಷ ಬದುಕಿದ್ದರು. ನಾನು ಹೋದಾಗಲೆಲ್ಲ ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದು ಮಣೆ ಹಾಕಿಸುತ್ತಿದ್ದರು. ಹೊಳೆಯ ಮಾತು ಒಮ್ಮೆಯೂ ಎತ್ತಲಿಲ್ಲ. ಹೆಂಡತಿಯೂ ಎತ್ತಲಿಲ್ಲ. ಭಾನುವಾರ ಬಂದರೆ ಅವಳಿಗೆ ಹಪ್ಪಳವೋ ಒಗೆತವೋ ಏನಾದರೊಂದು ಕೆಲಸ ಇರುತ್ತಿತ್ತು. ಮಕ್ಕಳನ್ನು ಕರೆದುಕೊಂಡು ನಾನೇ ಹೋಗುತ್ತಿದ್ದೆ, ದೋಣಿ ಸುತ್ತು ಹಾಕುತ್ತಿತ್ತು, ಈಗ ಮಕ್ಕಳೂ ನಗುತ್ತಿರಲಿಲ್ಲ. ಎರಡು ವರ್ಷಕ್ಕೆ ಅದನ್ನು ಮರಳಿನವನಿಗೆ ಕೊಟ್ಟೆ. ಕೊಡುವ ದಿನವೂ ಅವಳು ದಂಡೆಗೆ ಬರಲಿಲ್ಲ. ಬೇರೇನಾದರೂ ಬೇಕೇ ಎಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಎಂತದೂ ಬ್ಯಾಡ ಎನ್ನುತ್ತಾಳೆ.

ನೀವು ದೋಣಿ ಕೊಳ್ಳುವವರಾದರೆ ಹೇಳುತ್ತೇನೆ, ಕೇಳಿ. ಹಳೆಯದಾದರೂ ಪರವಾಗಿಲ್ಲ, ನೀರಿನಲ್ಲಿರುವ ದೋಣಿಯನ್ನೇ ಕೊಳ್ಳಿ. ದಡದಲ್ಲಿ ಒಣಗಿದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಮಾರುವವನು ನೋಡಿಕೊಳ್ಳುತ್ತೇನೆಂದು ಹೆಚ್ಚಿಗೆ ಕೇಳಿದರೆ ಅದನ್ನು ಮಾತ್ರ ಕಡಿಯಬೇಡಿ. ಹುಳಕ್ಕೆ ಹೆದರಿದರೆ ಆಗಾಗ ಎಳೆದು, ತಳ ಕೆರೆದು, ಎಣ್ಣೆ ಹಚ್ಚಿ, ತಿರುಗಿ ನೀರಿಗೆ ಬಿಡಿ. ಬಹಳ ದಿನ ಮೇಲಿಡಲೇಬೇಕಾದರೆ ನೆರಳಿನಲ್ಲಿಟ್ಟು ಒಳಗೆ ನೀರು ತುಂಬಿಸಿಡಿ, ಒದ್ದೆ ಗೋಣಿ ಹೊದಿಸಿ. ಇಳಿಸಿದ ದಿನ ಹತ್ತಬೇಡಿ, ಮೂರು ದಿನ ಬಿಟ್ಟು ಮೊದಲು ಒಬ್ಬರೇ ಹತ್ತಿ ನೋಡಿ. ತಳವನ್ನು ಮುಚ್ಚುವ ಹಾಸು ಹಾಕಿಸಬೇಡಿ. ನಿಮ್ಮ ಕಸುಬಿನ ಬುದ್ಧಿ ನಿಮ್ಮ ಕಸುಬಿಗೆ ಸಾಕು. ಹೊಳೆಯ ಮಾತನ್ನು ಹೊಳೆಯ ದಂಡೆಯಲ್ಲಿ ಬೆಳೆದವರನ್ನು ಕೇಳಿ, ಅವರು ನಿಮ್ಮ ಅಡಿಗೆಮನೆಯಲ್ಲೇ ಇದ್ದರೂ ಸರಿ. ಮತ್ತೆ, ಮನೆಯಲ್ಲಿ ಯಾರಿಗಾದರೂ ಏನನ್ನಾದರೂ ನೋಡುವ ಆಸೆಯಿದ್ದರೆ ದೋಣಿ ಕೊಳ್ಳುವ ಮೊದಲೇ ಎರಡು ರೂಪಾಯಿ ಬಾಡಿಗೆ ಕೊಟ್ಟು ತೋರಿಸಿಕೊಂಡು ಬನ್ನಿ. ಕೊಳ್ಳುವುದನ್ನು ಆಮೇಲೆ ನಿಧಾನಕ್ಕೆ ನೋಡಿದರಾಯಿತು.